ಮುನ್ನೂರ ಐದನೆಯ ಪುಟದ ಕುದುರೆ

ಗೋಂದಣ್ಣನ ಕಷ್ಟಕ್ಕೆಲ್ಲ ಕಾರಣ ಒಂದು ಕಿಟಕಿ.

ಅವನಿಗೆ ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು. ಇಪ್ಪತ್ತೆರಡು ವರ್ಷ ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕಗಳ ಬೆನ್ನಿಗೆ ಗೋಂದು ಬಳಿದು ಬಳಿದು ಆ ಹೆಸರು ಅವನ ಹೆಂಡತಿಗೂ ಮರೆತುಹೋಗಿತ್ತು. ಅಂಗಡಿ ಇದ್ದದ್ದು ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ಮಹಡಿಗೆ ಯಾರು ಹತ್ತಿದರೂ, ಯಾರು ಇಳಿದರೂ ಗೋಂದಣ್ಣನ ತಲೆಯ ಮೇಲೇ ನಡೆದಂತೆ. ರಿಜಿಸ್ಟರು, ಲೆಡ್ಜರು, ಶಾಲೆಯ ಅಟ್ಲಾಸು, ಕಾದಂಬರಿ ಎಲ್ಲವೂ ಆ ಗುಹೆಗೆ ಹರಿದು ಬಂದು ಹೊಲಿಸಿಕೊಂಡು ಹೋಗುತ್ತಿದ್ದವು. ಗಾಳಿ ಬೇಕೆಂದರೆ ಬಾಗಿಲಿಗೆ ಹೋಗಬೇಕು. ಬಾಗಿಲಿಗೆ ಹೋದರೆ ಯಜಮಾನರು ಬೈಯುತ್ತಾರೆ.

ಹೀಗಿದ್ದವನು ಹೋದ ವರ್ಷದ ಕೊನೆಗೆ ಹಾಜರಿ ಪುಸ್ತಕಗಳ ಕಟ್ಟು ಹೊತ್ತು ಬಡಾವಣೆಯ ಲೈಬ್ರರಿಗೆ ಹೋದಾಗ ಅಲ್ಲಿಯ ದುರಸ್ತಿ ಕೋಣೆ ಕಣ್ಣಿಗೆ ಬಿತ್ತು. ಖಾಲಿ ಮೇಜು, ಒರಗಿಕೊಳ್ಳಲು ಬೆನ್ನಿರುವ ಕುರ್ಚಿ, ಆಳೆತ್ತರದ ಕಿಟಕಿ. ಕಿಟಕಿಯಾಚೆ ಒಂದು ಮರ, ಮರದಲ್ಲಿ ಒಂದು ಅಳಿಲು. ದುರಸ್ತಿ ಮಾಡುತ್ತಿದ್ದ ಮುದುಕ ನಿವೃತ್ತನಾಗಿ ವಾರವಾಗಿತ್ತಂತೆ. ಗೋಂದಣ್ಣ ಆ ಅಳಿಲನ್ನು ನೋಡುತ್ತ ಐದು ನಿಮಿಷ ನಿಂತುಬಿಟ್ಟ. ಅವನಿಗೆ ಹೊಟ್ಟೆಕಿಚ್ಚಾಯಿತು.

"ಈ ಕೆಲಸ ನನಗೆ ಕೊಡಿ ಮೇಡಂ," ಎಂದ ಲೈಬ್ರರಿಯ ಮೇಡಂಗೆ.

"ಕೊಡೋಕೆ ನನಗೇನೂ ಅಡ್ಡಿ ಇಲ್ಲ," ಎಂದರು ಮೇಡಂ. "ಆದ್ರೆ ನಮ್ಮ ಸಮಿತಿಯವರದ್ದು ಒಂದೇ ಹಠ. ಪುಸ್ತಕ ರಿಪೇರಿ ಮಾಡೋನಿಗೆ ಪುಸ್ತಕದ ರುಚಿ ಗೊತ್ತಿರಬೇಕಂತೆ. ನಮ್ಮಲ್ಲಿ ವರ್ಷದ ಪಂಥ ನಡೆಯುತ್ತಲ್ಲ, ಅದನ್ನ ಗೆದ್ದು ಬನ್ನಿ. ಕೋಣೆ ನಿಮ್ದೇ."

ಪಂಥವೆಂದರೆ ಇಷ್ಟು: ವರ್ಷಕ್ಕೆ ನಾಲ್ಕು ಹಳೆಯ, ಹೆಸರಾಂತ, ದಪ್ಪ ಕಾದಂಬರಿ ಓದಬೇಕು. ಆರುನೂರು ಪುಟಕ್ಕಿಂತ ಸಣ್ಣದು ಲೆಕ್ಕಕ್ಕಿಲ್ಲ. ವರ್ಷದ ಕೊನೆಯ ಶನಿವಾರ ಸಂಜೆ ಎಲ್ಲರೆದುರು ನಿಂತು ನಾಲ್ಕನೆಯದರ ಕಥೆ ಹೇಳಬೇಕು. ಗೆದ್ದವರ ಹೆಸರನ್ನು ಓದುವ ಕೋಣೆಯ ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಸುತ್ತಾರೆ.

ಇರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ. ಸಾವಿರಾರು ಪುಸ್ತಕ ಕಟ್ಟಿದ್ದ ಗೋಂದಣ್ಣ ಒಂದನ್ನೂ ಓದಿರಲಿಲ್ಲ. ಆದರೂ ಹೆಸರು ಬರೆಸಿದ. ಬರೆಸಿದ ಮೇಲೆ ಓದಿದ. ಬೆಳಿಗ್ಗೆ ಎದ್ದು ಓದಿದ, ಊಟದ ಬಿಡುವಿನಲ್ಲಿ ಓದಿದ, ಕ್ಷೌರದ ಅಂಗಡಿಯಲ್ಲಿ ಸರದಿಗೆ ಕಾಯುತ್ತ ಓದಿ ಸರದಿ ತಪ್ಪಿಸಿಕೊಂಡ. ಬಿಟ್ಟು ಬಿಟ್ಟು ಓದುವ ಜಾಣತನ ಅವನಿಗೆ ಗೊತ್ತೇ ಇರಲಿಲ್ಲ. ಮುದ್ರಕರ ವಿಳಾಸ, ಮುನ್ನುಡಿ, ತಪ್ಪೊಪ್ಪೋಲೆ, ಏನನ್ನೂ ಬಿಡದೆ ನಾಲ್ಕು ಕಾದಂಬರಿ ಮುಗಿಸಿ, ಆ ಕೊನೆಯ ಶನಿವಾರ ಬೆಳಿಗ್ಗೆ ಯುದ್ಧ ಗೆದ್ದವನಂತೆ ಎದೆಯುಬ್ಬಿಸಿ ಕೂತಿದ್ದ.

"ರೀ, ನನ್ನ ಮುಂದೆ ಒಂದ್ಸಲ ಹೇಳಿ ನೋಡೋಣ," ಎಂದಳು ಹೆಂಡತಿ, ಅವನ ಒಂದೇ ಒಂದು ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕುತ್ತ.

ನಾಲ್ಕನೆಯ ಕಾದಂಬರಿ 'ಉಪ್ಪುಗಾಳಿಯ ಮನೆತನ'. ಏಳುನೂರ ಎಂಟು ಪುಟ. ಗೋಂದಣ್ಣ ಗಂಟಲು ಸರಿಮಾಡಿಕೊಂಡ.

"ಒಬ್ಬ ಹಡಗಿನ ಕಪ್ತಾನ. ಹನ್ನೆರಡನೇ ಪುಟದಲ್ಲೇ ಸತ್ತುಹೋಗ್ತಾನೆ. ಅವನ ತಮ್ಮ ಹಡಗು ಕದ್ಕೊಂಡು ಓಡಿಹೋಗ್ತಾನೆ. ಆಗ ಕಪ್ತಾನನ ಹೆಂಡತಿ, ಆಯಮ್ಮ ಗಟ್ಟಿಗಿತ್ತಿ, ಇನ್ನೊಂದು ಹಡಗು ಹಿಡಿದು ಮೈದುನನ್ನ ಅಟ್ಟಿಸ್ಕೊಂಡು ಹೋಗ್ತಾಳೆ. ಬಿರುಗಾಳಿ. ಹಾಯಿ ಹರಿದುಹೋಗುತ್ತೆ. ಆಯಮ್ಮ ಚುಕ್ಕಾಣಿ ಹಿಡಿದು ನಿಂತ್ಕೋತಾಳೆ..."

"ಆಮೇಲೆ?" ಎಂದಳು ಹೆಂಡತಿ, ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ.

"ಆಮೇಲೆ ಕುದುರೆ ಸೀನುತ್ತೆ."

"ಹಡಗಲ್ಲಿ ಕುದುರೆ ಯಾಕ್ರೀ ಬಂತು?"

"ಹಡಗಲ್ಲಲ್ಲ ಕಣೇ, ಲಾಯದಲ್ಲಿ. ಒಬ್ಬ ಕುದುರೆ ವೈದ್ಯ ಬರ್ತಾನೆ. ಕಷಾಯ ಕುಡಿಸ್ತಾನೆ. ಜಮೀನ್ದಾರನ ಮಗಳನ್ನ ಪ್ರೀತಿಸ್ತಾನೆ. ಅದು ಒಂದು ನೂರೈವತ್ತು ಪುಟಕ್ಕೂ ಮೇಲೆ ನಡೆಯುತ್ತೆ."

"ಅಷ್ಟು ಹೊತ್ತು ಆಯಮ್ಮ?"

"ಚುಕ್ಕಾಣಿ ಹಿಡ್ಕೊಂಡೇ ಇರ್ತಾಳೆ ಅಂತ ಕಾಣುತ್ತೆ."

ಹೆಂಡತಿ ಗಂಡನ ಮುಖವನ್ನೇ ನೋಡಿದಳು. ಅವಳು ನೋಡುತ್ತಿದ್ದಷ್ಟು ಹೊತ್ತೂ ಇಸ್ತ್ರಿ ಪೆಟ್ಟಿಗೆ ಅಂಗಿಯ ಎದೆಯ ಮೇಲೇ ಕೂತಿತ್ತು. ಹೊಗೆ ಎದ್ದ ಮೇಲೆ ಇಬ್ಬರಿಗೂ ಎಚ್ಚರವಾಯಿತು. ಬಲ ಎದೆಯ ಮೇಲೆ ಅಂಗೈಯಗಲದ ಕಂದು ಕಲೆ.

"ನೀವು ನಡುವೆ ನಿದ್ದೆ ಮಾಡಿದೀರ, ಕನಸನ್ನೂ ಸೇರಿಸಿ ಹೇಳ್ತಾ ಇದೀರ," ಎಂದು ಅವಳು ತೀರ್ಪು ಕೊಟ್ಟಳು. "ಹೋಗಿ, ಮಹಡಿ ಅಕ್ಕನ್ನ ಕೇಳಿ. ಅವರೂ ಇದೇ ಪುಸ್ತಕ ಹೇಳಿ ಗೆದ್ದಿದ್ರು. ಹಾಗೇ ಈ ಅಂಗೀನೂ ತಗೊಂಡು ಹೋಗಿ."

ಗೋಂದಣ್ಣನ ಎದೆಯಲ್ಲಿ ಆಗಲೇ ಅಳುಕು ಹುಟ್ಟಿತು. ಓದುವಾಗಲೂ ಅವನಿಗೆ ಅಲ್ಲಿ ಗೊಂದಲವಾಗಿದ್ದು ನಿಜ. ಆದರೆ ದೊಡ್ಡವರು ಬರೆದದ್ದು; ತಿಳಿಯದಿದ್ದರೆ ತಪ್ಪು ತನ್ನದೇ ಇರಬೇಕೆಂದು ಮುಂದೆ ಓದಿದ್ದ. ಕಿಟಕಿ, ಮರ, ಅಳಿಲು ಮೂರೂ ಒಟ್ಟಿಗೆ ಕಣ್ಣಮುಂದೆ ಬಂದವು.

ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ದರ್ಜಿ ಅಕ್ಕ ಬಾಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಕಲೆಯನ್ನು ನೋಡಿ, "ಇದರ ಮೇಲೊಂದು ಜೇಬು ಕೂರಿಸಿಬಿಡ್ತೀನಿ," ಎಂದಳು.

"ಎಡಗಡೆ ಆಗಲೇ ಒಂದಿದೆಯಲ್ಲಕ್ಕ?"

"ಎರಡು ಜೇಬಿರೋನಿಗೆ ಎರಡು ಮರ್ಯಾದೆ. ಸುಮ್ನೆ ಕೂತ್ಕೋ."

ಗೋಂದಣ್ಣ ಕೂತ. ಯಂತ್ರ ಗಡಗಡ ಎಂದಿತು. "ಅಕ್ಕಾ, 'ಉಪ್ಪುಗಾಳಿ' ಓದಿದ್ರಲ್ಲ ನೀವು. ಆ ನಡುವಿನ ಭಾಗ..."

ಯಂತ್ರ ನಿಂತಿತು. ಅಕ್ಕ ಬಾಯಿಂದ ಒಂದೊಂದೇ ಪಿನ್ನು ತೆಗೆದಳು. "ನಡುವಿನ ಭಾಗಾನಾ? ಅಯ್ಯೋ ತಮ್ಮಾ, ಪುಸ್ತಕದ ಪ್ರಾಣ ಇರೋದೇ ಅಲ್ಲಿ!"

"ಹೌದಾ? ಹಾಗಾದ್ರೆ ಆ ಕುದುರೆ ವೈದ್ಯ ಯಾರಕ್ಕ?"

ಅಕ್ಕ ದಾರದ ತುದಿಯನ್ನು ಬಹಳ ಹೊತ್ತು ಪರೀಕ್ಷಿಸಿದಳು. "ನಿನಗೇನನ್ನಿಸ್ತು? ಅದು ಹೇಳು ಮೊದಲು."

"ನನಗೇನೂ ಅನ್ನಿಸಲಿಲ್ಲ."

"ಅದಕ್ಕೇ ತಿಳಿದಿಲ್ಲ ನಿನಗೆ. ಕುದುರೆ ಅಂದ್ರೆ ಬರೀ ಕುದುರೆ ಏನೋ? ಹೆಣ್ಣಿನ ಮನಸ್ಸದು. ಓಡುತ್ತೆ, ಬೆವರುತ್ತೆ, ಸೀನುತ್ತೆ. ವೈದ್ಯ ಅಂದ್ರೆ ವಿವೇಕ. ಇಷ್ಟು ಸುಲಭ. ತಗೋ ನಿನ್ನ ಅಂಗಿ."

ಇದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿದ್ದರೂ ಗೋಂದಣ್ಣನಿಗೆ ಸಮಾಧಾನವಾಯಿತು. ಕುದುರೆ ಇರುವುದಂತೂ ನಿಜ, ಕನಸಲ್ಲ. ಅಂಗಡಿಗೆ ಹೋಗಿ, ಇನ್ನೂ ಗಟ್ಟಿ ಮಾಡಿಕೊಳ್ಳಲು ಕಟಿಂಗ್ ಮಾವನನ್ನು ಹಿಡಿದ. ಕಾಗದ ಕತ್ತರಿಸುವ ಯಂತ್ರ ನಡೆಸುತ್ತಿದ್ದ ಈ ಮಾವ ಹೋದ ವರ್ಷವೇ ಪಂಥ ಗೆದ್ದು, ತನ್ನ ಹೆಸರಿರುವ ಹಲಗೆಯ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಿದ್ದ. ಅವನು ಹೇಳಿದ್ದೂ 'ಉಪ್ಪುಗಾಳಿ'ಯ ಕಥೆಯನ್ನೇ.

"ಕುದುರೆ ವೈದ್ಯನಾ?" ಎಂದ ಮಾವ ಯಂತ್ರದ ಹಿಡಿ ಒತ್ತುತ್ತ. "ಅವನೇ ಕಣೋ ಸತ್ತುಹೋದ ಗಂಡ. ವೇಷ ಹಾಕ್ಕೊಂಡು ಕೂತಿರ್ತಾನೆ."

"ಹನ್ನೆರಡನೇ ಪುಟದಲ್ಲಿ ಅವನ ಹೆಣ ತಂದು ಹೂಳ್ತಾರಲ್ಲ ಮಾವ?"

"ಯಾರದ್ದೋ ಹೆಣ ಇರಬಹುದು. ಮುಖ ನೋಡಿದೀಯಾ ನೀನು?"

"ಇಲ್ಲ. ಆದ್ರೆ ಹಡಗಿನ ಕಪ್ತಾನ ಕುದುರೆಗೆ ಮದ್ದು ಮಾಡೋದು ಕಲಿತದ್ದು ಯಾವಾಗ?"

"ಅದನ್ನ ಓದುಗರ ಊಹೆಗೆ ಬಿಟ್ಟಿದಾರೆ. ದೊಡ್ಡ ಬರಹಗಾರರು ಎಲ್ಲಾನೂ ಬಿಡಿಸಿ ಬಾಯಿಗಿಡ್ತಾರೇನೋ? ಕೆಲಸ ನೋಡು ಹೋಗು."

ಈಗ ಗೋಂದಣ್ಣನ ಬಳಿ ಒಂದರ ಬದಲು ಎರಡು ಅರ್ಥಗಳಾದವು. ಅವೆರಡೂ ಒಂದಕ್ಕೊಂದು ಹೊಂದಲಿಲ್ಲ. ಪಾತ್ರಗಳ ಹೆಸರು, ಯಾರು ಯಾರಿಗೇನಾಗಬೇಕು ಎಂಬುದನ್ನೆಲ್ಲ ಒಂದು ಹಾಳೆಯ ಮೇಲೆ ಬರೆದುಕೊಂಡಿದ್ದ. ಅದನ್ನು ಮೇಜಿನ ಮೇಲಿಟ್ಟು, ಬಾಯಲ್ಲಿ ಕಂಠಪಾಠ ಮಾಡುತ್ತ, ಕೈಯಲ್ಲಿ ನೀರಿನ ಕಚೇರಿಯ ರಿಜಿಸ್ಟರುಗಳಿಗೆ ರಟ್ಟು ಅಂಟಿಸುತ್ತ ಹೋದ. ಇಪ್ಪತ್ತೊಂಬತ್ತನೆಯ ರಿಜಿಸ್ಟರು ಮುಗಿಸಿ ನೋಡಿದರೆ ಮೇಜಿನ ಮೇಲೆ ಹಾಳೆ ಇಲ್ಲ. ಬಾಯಿ ಕಪ್ತಾನನ ಹತ್ತಿರ ಇದ್ದಾಗ ಕೈ ಅದನ್ನೂ ಎತ್ತಿ, ಗೋಂದು ಬಳಿದು, ಯಾವುದೋ ರಿಜಿಸ್ಟರಿನ ರಟ್ಟಿಗೆ ನೀಟಾಗಿ ಒತ್ತಿಬಿಟ್ಟಿತ್ತು. ಒಂದೊಂದನ್ನೇ ಬಿಚ್ಚಿ ನೋಡತೊಡಗಿದಾಗ ಯಜಮಾನರು ಬಂದರು.

"ಅಂಟಿಸಿದ್ದನ್ನ ಕೀಳೋಕೆ ನಿನಗೆ ಸಂಬಳ ಕೊಡ್ತೀನೇನಯ್ಯಾ?"

"ಇಲ್ಲ ಯಜಮಾನ್ರೇ. ಇವತ್ತು ನಾಲ್ಕು ಗಂಟೆಗೆ ಸ್ವಲ್ಪ..."

"ಗೊತ್ತು, ಆ ಲೈಬ್ರರಿ ಕೆಲಸ. ಊರೆಲ್ಲ ಸಾರ್ಕೊಂಡು ಬಂದಿದೀಯ. ಹೋಗು. ಆದ್ರೆ ಕೆಲಸ ಸಿಗದೆ ಸೋಮವಾರ ವಾಪಸ್ ಬಂದ್ಯೋ, ಈಗಿರೋ ಜಾಗಾನೂ ನಿನಗಿಲ್ಲ. ಒಳಗಡೆ ನೀರಿನ ಪೈಪಿನ ಪಕ್ಕ ಕೂರಬೇಕಾಗುತ್ತೆ."

ಹೀಗೆ ಹಿಂದಿನ ದಾರಿಯೂ ಮುಚ್ಚಿತು. ಎರಡು ಜೇಬಿನ ಅಂಗಿ ತೊಟ್ಟು, ಎರಡೂ ಜೇಬು ಖಾಲಿ ಇಟ್ಟುಕೊಂಡು ಗೋಂದಣ್ಣ ಲೈಬ್ರರಿಗೆ ನಡೆದ.

ಓದುವ ಕೋಣೆ ತುಂಬಿತ್ತು. ದರ್ಜಿ ಅಕ್ಕ ಮೊದಲ ಸಾಲಿನಲ್ಲಿ, ಕಟಿಂಗ್ ಮಾವ ಎರಡನೆಯ ಸಾಲಿನಲ್ಲಿ, ಹೆಂಡತಿ ಕಂಬದ ಮರೆಯಲ್ಲಿ. ಅಧ್ಯಕ್ಷರ ಕುರ್ಚಿಯಲ್ಲಿ ನಿವೃತ್ತ ಹೆಡ್‌ಮೇಷ್ಟ್ರು. ಹಲಗೆಯ ಮೇಲೆ ಐದು ಸಲ ಹೆಸರಿರುವ ಮನುಷ್ಯ. ಮಾತಾಡುವಾಗ ಅದರ ಕಡೆಗೊಮ್ಮೆ ತಿರುಗಿ ನೋಡುವ ಅಭ್ಯಾಸ ಅವರಿಗೆ. ಮೇಜಿನ ಮೇಲೆ 'ಉಪ್ಪುಗಾಳಿಯ ಮನೆತನ'. ಅದರ ಪಕ್ಕದಲ್ಲೇ, ಮೇಡಂ ಆಗಲೇ ತೆಗೆದಿಟ್ಟಿದ್ದ ದುರಸ್ತಿ ಕೋಣೆಯ ಕೀಲಿಕೈ. ಗೋಂದಣ್ಣನ ಕಣ್ಣು ಕೀಲಿಕೈಗೇ ಅಂಟಿಕೊಂಡಿತು.

ಆದರೂ ಶುರುಮಾಡಿದ. ಕಪ್ತಾನ ಸತ್ತ, ಮೈದುನ ಓಡಿದ, ಆಯಮ್ಮ ಹಡಗು ಹತ್ತಿದಳು. ಬಿರುಗಾಳಿ ಬಂದಾಗ ಕೋಣೆಯಲ್ಲಿ ಕೆಮ್ಮುವವರೂ ಕೆಮ್ಮಲಿಲ್ಲ. ಗೋಂದಣ್ಣನಿಗೇ ಆಶ್ಚರ್ಯವಾಗುವಷ್ಟು ಚೆನ್ನಾಗಿ ಹೇಳುತ್ತಿದ್ದ. ಆಯಮ್ಮ ಚುಕ್ಕಾಣಿ ಹಿಡಿದಳು. ಅವನು ಉಸಿರು ಎಳೆದುಕೊಂಡ.

"ಆಗ ಒಂದು ಕುದುರೆ ಸೀನುತ್ತೆ."

ಮೇಷ್ಟ್ರು ಕನ್ನಡಕ ತೆಗೆದರು. "ಏನು ಸೀನುತ್ತೆ?"

"ಕುದುರೆ, ಮೇಷ್ಟ್ರೇ. ಅಂದ್ರೆ ಬರೀ ಕುದುರೆ ಅಲ್ಲ. ಹೆಣ್ಣಿನ ಮನಸ್ಸು. ಅದಕ್ಕೆ ಶೀತ ಆಗಿರುತ್ತೆ. ವೈದ್ಯ ಬರ್ತಾನೆ. ಅವನು ವಿವೇಕ. ಆದ್ರೆ ಅವನೇ ಸತ್ತುಹೋದ ಗಂಡ. ಮತ್ತೆ ಅವನು ಜಮೀನ್ದಾರನ ಮಗಳನ್ನ..."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದರ್ಜಿ ಅಕ್ಕ ಮಾಡಿನ ತೊಲೆ ಎಣಿಸತೊಡಗಿದಳು. ಕಟಿಂಗ್ ಮಾವ ಚಪ್ಪಲಿಯ ಉಂಗುಟ ಸರಿಮಾಡಲು ಬಗ್ಗಿದವನು ಮೇಲೇಳಲೇ ಇಲ್ಲ.

"ಸಾಕು ಮಾಡಯ್ಯಾ!" ಮೇಷ್ಟ್ರು ಮೇಜು ಗುದ್ದಿದರು. "ಈ ಪುಸ್ತಕಾನ ನಾನು ಮೂರು ಸಲ ಓದಿದೀನಿ. ಇದು ಸಮುದ್ರದ ಕಥೆ. ಇದರಲ್ಲಿ ಕುದುರೆ ಅಲ್ಲ, ಕುದುರೆಯ ಬಾಲದ ಒಂದು ಕೂದಲೂ ಇಲ್ಲ. ಓದದೆ ಬಂದು, ಬಾಯಿಗೆ ಬಂದದ್ದು ಒದರಿ ಸಭೇನ ಏನಂದ್ಕೊಂಡಿದೀಯಾ ನೀನು?"

ಗೋಂದಣ್ಣನ ಕಣ್ಣಲ್ಲಿ ನೀರು ಬಂತು. ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಒಂದು ವರ್ಷದ ಬೆಳಗುಗಳನ್ನೆಲ್ಲ ಸುರಿದು, ಅಕ್ಷರ ಬಿಡದೆ ಓದಿ, ಕೊನೆಗೆ ಕಳ್ಳನೆನಿಸಿಕೊಳ್ಳುವುದೆಂದರೆ! "ಮುನ್ನೂರ ಐದನೇ ಪುಟ," ಎಂದ. "ಮೇಲಿಂದ ಎರಡನೇ ಸಾಲು. ತೆಗೆದು ನೋಡಿ ಮೇಡಂ. ಇಲ್ಲದಿದ್ರೆ ನಾನು ಹೀಗೇ ಹೊರಟುಹೋಗ್ತೀನಿ."

ಮೇಡಂ ಪುಟ ತಿರುವಿದರು. ಓದಿಕೊಂಡರು. ಮತ್ತೊಮ್ಮೆ ಓದಿಕೊಂಡರು. ಆಮೇಲೆ ಗಟ್ಟಿಯಾಗಿ ಓದಿದರು: "'ಲಾಯದ ಮೂಲೆಯಲ್ಲಿ ನಿಂತಿದ್ದ ಬಿಳಿಯ ಕುದುರೆ ಮೂರು ಬಾರಿ ಸೀನಿತು.'"

ಮೇಡಂ ಅಲ್ಲಿಂದ ಹತ್ತು ಪುಟ ತಿರುವಿದರು, ನೂರು ಪುಟ ತಿರುವಿದರು, ಎಲ್ಲೆಲ್ಲೂ ಕುದುರೆಯೇ. ಎದ್ದು ಹೋಗಿ ಕಪಾಟಿನಿಂದ 'ಲಾಯದ ಒಡೆಯ' ಎಂಬ ಇನ್ನೊಂದು ದಪ್ಪ ಕಾದಂಬರಿ ತಂದು ಅದರ ಮುನ್ನೂರ ಐದನೆಯ ಪುಟ ಬಿಡಿಸಿದರು. ಅಲ್ಲಿ ಆಯಮ್ಮ ಚುಕ್ಕಾಣಿ ಹಿಡಿದು ನೆನೆಯುತ್ತ ನಿಂತಿದ್ದಳು.

"ಎರಡೂ ಒಬ್ಬರೇ ಪ್ರಕಾಶಕರು, ಒಂದೇ ಅಳತೆ, ಒಂದೇ ಅಚ್ಚು," ಎಂದರು ಮೇಡಂ ನಿಧಾನವಾಗಿ. "ಮುನ್ನೂರ ಐದರಿಂದ ನಾನೂರ ಎಂಬತ್ತರವರೆಗೆ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಸೇರಿಕೊಂಡಿದೆ. ಹೊರಗೆ ಕೊಟ್ಟು ರಟ್ಟು ಕಟ್ಟಿಸಿ ಎಂಟು ವರ್ಷ ಆಯ್ತು. ನಮ್ಮಲ್ಲಿರೋದು ಇದೊಂದೇ ಪ್ರತಿ." ಅವರು ಪುಸ್ತಕದ ಹಿಂಬದಿಯ ಚೀಟಿ ತೆಗೆದರು. "ಈ ಎಂಟು ವರ್ಷದಲ್ಲಿ ಇದನ್ನ ತಗೊಂಡು ಹೋದೋರು ನಿಮ್ಮನ್ನ ಬಿಟ್ಟು ಹನ್ನೊಂದು ಜನ. ಒಬ್ಬರೂ ಕುದುರೆ ವಿಷಯ ಹೇಳಲಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಲ್ಲಿ ಹನ್ನೊಂದು ಹೆಗಲು ಒಟ್ಟಿಗೆ ಅಲುಗಿದವು. ಕಟಿಂಗ್ ಮಾವ ಇನ್ನೂ ಚಪ್ಪಲಿಯಲ್ಲೇ ಇದ್ದ. ಮೇಷ್ಟ್ರು ಹಲಗೆಯ ಕಡೆ ನೋಡಲು ಹೋಗಿ ಅರ್ಧಕ್ಕೇ ಕುತ್ತಿಗೆ ಹಿಂತಿರುಗಿಸಿಕೊಂಡರು.

"ಮೊದಲಿಂದ ಕೊನೆವರೆಗೂ ಓದಿದೋರು ನೀವೊಬ್ಬರೇ," ಎಂದು ಮೇಡಂ ಕೀಲಿಕೈಯನ್ನು ಗೋಂದಣ್ಣನ ಅಂಗೈಯಲ್ಲಿಟ್ಟರು. "ಕೋಣೆ ನಿಮ್ದು."

ಕಂಬದ ಮರೆಯಿಂದ ಹೆಂಡತಿ ಈಚೆ ಬಂದಳು. ಗೋಂದಣ್ಣ ಕೀಲಿಕೈಯನ್ನು ಹೊಸ ಜೇಬಿಗೆ ಹಾಕಿಕೊಂಡ. ಈ ಮನುಷ್ಯ ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿದ್ದರೆ ಈ ಕಥೆ ಇಲ್ಲಿಗೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಮೇಷ್ಟ್ರಿಗೆ ಹೇಗಾದರೂ ಮಾತು ಬೇರೆಡೆಗೆ ತಿರುಗಿಸಬೇಕಾಗಿತ್ತು.

"ಓದಿದೋರ ವಿಚಾರ ಇರಲಿ," ಎಂದರು ಅವರು. "ಪುಸ್ತಕಾನ ಹೀಗೆ ಕೆಡಿಸಿದ ಪುಣ್ಯಾತ್ಮ ಯಾರು? ಅದು ಮೊದಲು ತಿಳೀಬೇಕು."

"ಹೌದು, ತಿಳೀಲೇಬೇಕು!" ಗೋಂದಣ್ಣ ಗುಡುಗಿದ. ಬೆಳಗಿನಿಂದ ಪಟ್ಟ ಪಾಡೆಲ್ಲ ಗಂಟಲಿಗೆ ಬಂದಿತ್ತು. "ಅಂಥೋನಿಂದ ತಾನೇ ನಾನು ಇಷ್ಟು ಜನರ ಮುಂದೆ ಕಳ್ಳ ಅನ್ನಿಸ್ಕೊಂಡಿದ್ದು? ಪುಟದ ನಂಬರು ಸರಿಯಾಗಿದ್ರೆ ಸಾಕು ಅಂತ ಹೊಲಿದು ಬಿಸಾಕೋದಾ? ಅಂಥೋನನ್ನ ಪುಸ್ತಕದ ಹತ್ತಿರ ಬಿಟ್ಕೋಬಾರದು. ಈ ಲೈಬ್ರರಿ ಮೆಟ್ಟಿಲು ಹತ್ತೋಕೆ ಬಿಡಬಾರದು!"

"ಸರಿಯಾಗಿ ಹೇಳಿದೆ," ಎಂದರು ಮೇಷ್ಟ್ರು. "ಬರ್ಕೊಳ್ಳಿ ಮೇಡಂ. ಅಂಥೋನಿಗೆ ಇಲ್ಲಿ ಕೆಲಸ ಇಲ್ಲ. ಆದ್ರೆ ಅವನು ಯಾರು ಅಂತ ಎಂಟು ವರ್ಷ ಆದ್ಮೇಲೆ ಹೇಗೆ ಗೊತ್ತಾಗುತ್ತೆ?"

"ಯಾಕೆ ಗೊತ್ತಾಗಲ್ಲ?" ಗೋಂದಣ್ಣ ತೋಳು ಮಡಿಸಿದ. "ನಮ್ಮ ಕಸುಬಲ್ಲಿ ಒಂದು ಪದ್ಧತಿ ಇದೆ ಮೇಷ್ಟ್ರೇ. ಕಟ್ಟಿದೋನು ಕೊನೆಯ ರಟ್ಟಿನ ಮೂಲೇಲಿ ಪೆನ್ಸಿಲಲ್ಲಿ ತನ್ನ ಗುರುತು ಹಾಕ್ತಾನೆ. ಇದರಲ್ಲಿ ನಿಮ್ಮ ಚೀಟಿ ಇಡೋ ಜೇಬು ಅದರ ಮೇಲೇ ಅಂಟಿಕೊಂಡಿದೆ. ಒಂದು ಒದ್ದೆ ಬಟ್ಟೆ ಕೊಡಿ. ನಾನೇ ತೋರಿಸ್ತೀನಿ."

ಒದ್ದೆ ಬಟ್ಟೆ ಬಂತು. ಜನ ಸುತ್ತ ಮುತ್ತಿದರು. ಇಪ್ಪತ್ತೆರಡು ವರ್ಷ ಪಳಗಿದ ಬೆರಳು ಚೀಟಿಯ ಜೇಬನ್ನು ತೇವ ಮಾಡಿ, ಉಗುರಿನಿಂದ ಮೂಲೆ ಎಬ್ಬಿಸಿ, ಒಂದು ಎಳೆಯೂ ಹರಿಯದಂತೆ ಮೆಲ್ಲಗೆ ಸುಲಿಯಿತು. ಎಂಥ ಕೈಗುಣ ಎಂದು ಯಾರೋ ಮೆಚ್ಚಿದರು ಕೂಡ.

ಕೆಳಗೆ ಮೂರು ಚುಕ್ಕೆಗಳಿದ್ದವು. ಒಂದರ ಪಕ್ಕ ಒಂದು, ಮೂರನೆಯದು ಸ್ವಲ್ಪ ಮೇಲೆ.

ಗೋಂದಣ್ಣ ಹೆಬ್ಬೆರಳನ್ನು ಅದರ ಮೇಲಿಟ್ಟ.

"ಏನಿದೆ?" ಎಂದರು ಮೇಷ್ಟ್ರು.

"ಏನೂ ಇಲ್ಲ. ಅಳಿಸಿಹೋಗಿದೆ."

"ಬೆರಳು ತೆಗಿ, ನೋಡೋಣ."

ತೆಗೆಯಲು ಅವನಿಗೆ ಮನಸ್ಸೂ ಇರಲಿಲ್ಲ, ಶಕ್ತಿಯೂ ಇರಲಿಲ್ಲ. ನೆನೆದ ಹಳೆಯ ಗೋಂದು ಬೆರಳನ್ನು ಹಿಡಿದುಕೊಂಡಿತ್ತು. ಆಗ ಕಟಿಂಗ್ ಮಾವ ಚಪ್ಪಲಿಯಿಂದ ಮೇಲೆದ್ದ. ಬಂದು, ಗೋಂದಣ್ಣನ ಹೆಬ್ಬೆರಳನ್ನು ಪ್ರೀತಿಯಿಂದ ಬಿಡಿಸಿದ.

"ಮೂರು ಚುಕ್ಕೆ!" ಎಂದ ಜೇನು ಸುರಿಯುವ ಧ್ವನಿಯಲ್ಲಿ. "ನಮ್ಮ ಅಂಗಡೀಲಿ ಮೂರು ಚುಕ್ಕೆ ಇಡೋದು ಯಾರು ಅಂತ ಹೇಳಪ್ಪಾ ಗೋಂದಣ್ಣ. ನಾನು ಹೇಳಿದ್ರೆ ಚೆನ್ನಾಗಿರಲ್ಲ."

ಗೋಂದಣ್ಣ ಹೇಳುವ ಅಗತ್ಯವೇ ಬೀಳಲಿಲ್ಲ. ಮೇಡಂ ಮುಖ ಸಣ್ಣದು ಮಾಡಿಕೊಂಡು ಕೈ ಚಾಚಿದರು. ಅವನು ಹೊಸ ಜೇಬಿನಿಂದ ಕೀಲಿಕೈ ತೆಗೆದು ಆ ಕೈಯಲ್ಲಿಟ್ಟ.

"ಬೇಜಾರು ಮಾಡ್ಕೋಬೇಡಿ," ಎಂದರು ಮೇಡಂ. "ಓದೋದ್ರಲ್ಲಿ ನಿಮ್ಮಂಥ ಪ್ರಾಮಾಣಿಕರನ್ನ ನಾನು ನೋಡಿಲ್ಲ. ಕಟ್ಟೋದ್ರಲ್ಲಿ..."

"ಈ ಮೂರು ಚುಕ್ಕೆಯೋನು ಕಟ್ಟಿದ್ದು ನಮ್ಮಲ್ಲಿ ಇನ್ನೆಷ್ಟಿರಬಹುದು?" ಎಂದು ಕೇಳಿದರು ಮೇಷ್ಟ್ರು. ಅವರ ಧ್ವನಿಗೆ ಮತ್ತೆ ಕಳೆ ಬಂದಿತ್ತು.

ಮೇಡಂ ರಿಜಿಸ್ಟರು ನೋಡಿದರು. ಆ ಅಂಗಡಿಗೆ ಕಳಿಸಿದ ದಪ್ಪ ಕಾದಂಬರಿಗಳೇ ನೂರ ಮೂವತ್ತೆರಡು. ಯಾವುದರ ಹೊಟ್ಟೆಯಲ್ಲಿ ಯಾವುದಿದೆಯೋ, ಪುಟದ ನಂಬರಿನಿಂದ ತಿಳಿಯುವ ಹಾಗಿಲ್ಲ. ಮೊದಲಿನಿಂದ ಕೊನೆಯವರೆಗೆ ಯಾರಾದರೂ ಓದಬೇಕು. ಯಾರು ಓದುತ್ತಾರೆ? ಕೋಣೆಯಲ್ಲಿದ್ದ ಕಣ್ಣುಗಳೆಲ್ಲ ಒಂದೇ ಕಡೆ ತಿರುಗಿದವು. ನಿಜವಾಗಿ ಓದುವವನು ಅವನೊಬ್ಬನೇ ಎಂದು ಈಗಷ್ಟೇ ಎಲ್ಲರೆದುರು ಸಾಬೀತಾಗಿತ್ತು. ತಪ್ಪು ಮಾಡಿದವನೇ ತಿದ್ದಬೇಕು, ಅದೆಲ್ಲ ಮುಗಿದ ಮೇಲೆ ಬೇಕಾದರೆ ಕೋಣೆಯ ಮಾತು ಎಂದು ಮೇಷ್ಟ್ರು ಸೂಚಿಸಿದರು. ಹನ್ನೊಂದು ಜನ ಒಟ್ಟಿಗೆ ಅನುಮೋದಿಸಿದರು. ಆ ಸಂಜೆ ಮನಸಾರೆ ತಟ್ಟಿದ ಚಪ್ಪಾಳೆ ಅದೊಂದೇ.

ಮೊದಲ ಕಂತೆಂದು ಆರು ಪುಸ್ತಕ ಕೊಟ್ಟರು. ಮೂರನ್ನು ಗೋಂದಣ್ಣ ಎತ್ತಿಕೊಂಡ, ಮೂರನ್ನು ಹೆಂಡತಿ ಎತ್ತಿಕೊಂಡಳು. ಗೇಟಿನ ಹತ್ತಿರ ದರ್ಜಿ ಅಕ್ಕ ಏದುಸಿರು ಬಿಡುತ್ತ ಬಂದು ಅಡ್ಡ ನಿಂತಳು.

"ತಮ್ಮಾ, ಮುಂದಿನ ವರ್ಷದ ಪಂಥಕ್ಕೆ ನಾನೂ ಹೆಸರು ಕೊಟ್ಟೆ. ಒಂದೊಂದು ಓದಿ ಮುಗಿದ ಹಾಗೆ ನನಗೂ ಒಂಚೂರು ಕಥೆ ಹೇಳ್ತಾ ಹೋಗು. ನಡುವೆ ಕುದುರೆ ಗಿದುರೆ ಏನಾದ್ರೂ ಇದ್ರೆ ಮರೀದೆ ಹೇಳು."

ಅವಳ ಹಿಂದೆ ಕಟಿಂಗ್ ಮಾವ ನಿಂತಿದ್ದ. ಮಾವನ ಹಿಂದೆ, ಸ್ವಲ್ಪ ದೂರದಲ್ಲಿ, ಯಾರಿಗೂ ಕಾಯುತ್ತಿಲ್ಲವೆಂಬಂತೆ ಕನ್ನಡಕ ಒರೆಸುತ್ತ, ಹೆಡ್‌ಮೇಷ್ಟ್ರೂ ಸರದಿಯಲ್ಲಿ ನಿಂತಿದ್ದರು.